ಕಾಲು ತೊಳೆಯದವರ ಜಗಲಿ

ಒಂದು ನಾಡಿತ್ತು. ನಾಡೆಂದರೆ ಒಂದೇ ಮನೆ. ಮನೆ ಎಷ್ಟು ಉದ್ದವಿತ್ತೆಂದರೆ, ಈ ತುದಿಯಲ್ಲಿ ಹಾಕಿದ ಒಗ್ಗರಣೆಗೆ ಆ ತುದಿಯವರು ಸೀನುವಷ್ಟರಲ್ಲಿ ಇಲ್ಲಿಯವರ ಊಟವೇ ಮುಗಿದಿರುತ್ತಿತ್ತು. ಒಳಗೆ ಎಷ್ಟು ಕೋಣೆಗಳಿವೆ, ಎಷ್ಟು ಜನರಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಣಿಸಲು ಹೊರಟವರು ಯಾವುದೋ ಕೋಣೆಯಲ್ಲಿ ಊಟಕ್ಕೆ ಕೂತು ಎಣಿಕೆ ಮರೆತಿದ್ದರು. ಮನೆಯ ಮುಂದೆ ಕೆಮ್ಮಣ್ಣಿನ ಬೀದಿ. ಬೀದಿಗೂ ಮನೆಗೂ ನಡುವೆ ಒಂದು ಜಗಲಿ. ಈ ಕತೆ ಆ ಜಗಲಿಯದು.

ಆ ನಾಡಿಗೆ ಒಂದು ಕಟ್ಟಳೆ ಇತ್ತು. ಹೊರಗಿನಿಂದ ಬಂದವರು ಯಾರಾದರೂ ಸರಿ, ಕಾಲು ತೊಳೆದು ಒಳಗೆ ಬರಬಹುದು. ಕಾಲು ತೊಳೆದ ಮೇಲೆ ಅವರು ಮನೆಯವರು. ಮನೆಯವರು ಮನೆಯ ಮಾತನ್ನು ಹೊಸ್ತಿಲಾಚೆ ಆಡುವಂತಿಲ್ಲ. ಕಾಲು ತೊಳೆಯದವರು ಜಗಲಿಯಲ್ಲಿ ಎಷ್ಟು ವರ್ಷ ಬೇಕಾದರೂ ಕೂರಬಹುದು, ಮನೆಯ ಬಗ್ಗೆ ಏನು ಬೇಕಾದರೂ ಬರೆಯಬಹುದು, ಒಳಗೆ ಮಾತ್ರ ಕಾಲಿಡುವಂತಿಲ್ಲ. ಹೀಗಾಗಿ ಕಂಡವರು ಬಾಯಿ ಬಿಡುತ್ತಿರಲಿಲ್ಲ, ಬಾಯಿ ಬಿಟ್ಟವರು ಏನೂ ಕಂಡಿರಲಿಲ್ಲ. ಆ ನಾಡಿನ ಬಗ್ಗೆ ಪುಸ್ತಕಗಳಂತೂ ರಾಶಿ ರಾಶಿ ಇದ್ದವು.

ಬರೆದವರೆಲ್ಲ ಜಗಲಿಯ ಪಂಡಿತರು. ಅವರು ದೇಶದೇಶಗಳಿಂದ ಬಂದವರು. ಕೆಲವರನ್ನು ಅವರ ನಾಡೇ ಓಡಿಸಿತ್ತು, ಕೆಲವರು ತಾವಾಗಿ ಓಡಿ ಬಂದಿದ್ದರು, ಒಬ್ಬಿಬ್ಬರಿಗೆ ಯಾಕೆ ಬಂದೆವೆಂಬುದೇ ಮರೆತುಹೋಗಿತ್ತು. ಬಂದ ಮೇಲೆ ಎಲ್ಲರಿಗೂ ಒಂದೇ ಕೆಲಸ. ಒಳಗಿನ ಸದ್ದು ಕೇಳುವುದು, ವಾಸನೆ ಹಿಡಿಯುವುದು, ಬರೆಯುವುದು. ಅಂಗಾಲಿಗೆ ಅಂಟಿದ ಹುಟ್ಟುನಾಡಿನ ಧೂಳೇ ಅವರ ಪದವಿ. ಧೂಳು ದಪ್ಪಗಿದ್ದಷ್ಟೂ ಮರ್ಯಾದೆ ಹೆಚ್ಚು. ಹೊಸಬರು ಬಂದರೆ ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. ಮಳೆ ಹನಿಯಿತೆಂದರೆ ಪಂಡಿತರೆಲ್ಲ ಕಾಲು ಮಡಚಿ ಬಟ್ಟೆಯೊಳಗೆ ಎಳೆದುಕೊಂಡು, ಕಾವಿಗೆ ಕೂತ ಕೋಳಿಗಳ ಹಾಗೆ ಸಾಲಾಗಿ ಕೂತಿರುತ್ತಿದ್ದರು.

ಪ್ರತಿ ಬೆಳಗ್ಗೆ ಬಾಗಿಲು ತೆರೆಯುತ್ತಿತ್ತು. ಒಬ್ಬ ಅಜ್ಜಿ ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಹೊಸ್ತಿಲ ಒಳಗೇ ನಿಂತು ಕೇಳುತ್ತಿದ್ದಳು.

"ಬಂದ್ರಾ?"

ಪಂಡಿತರು ಕೂತ ಸಾಲಿನಲ್ಲೇ ಒಬ್ಬೊಬ್ಬರಾಗಿ ಹೇಳಬೇಕು.

"ಬರ್ತಾ ಇದ್ದೀನಿ."

"ಬರ್ತಾ ಇದ್ದೀನಿ."

"ಬರ್ತಾ ಇದ್ದೀನಿ."

ಕೂತಲ್ಲಿಂದ ಅಲುಗಾಡದೆ, ಗಡ್ಡ ಬೆಳ್ಳಗಾಗುವ ತನಕ, ಅವರು ಬರುತ್ತಲೇ ಇದ್ದರು. ಸಾಲು ಮುಗಿದ ಮೇಲೆ ಅಜ್ಜಿ ತಂಬಿಗೆಯ ನೀರನ್ನು ತುಳಸಿಗಿಡಕ್ಕೆ ಹಾಕಿ ಒಳಗೆ ಹೋಗುತ್ತಿದ್ದಳು. ಮಧ್ಯಾಹ್ನ ಮತ್ತೆ ಬಾಗಿಲು ತೆರೆದು, ಎಲೆಯಲ್ಲಿ ಅನ್ನ ಕೊಟ್ಟು, "ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ಒಳಗಿನವರು ಜಗಲಿಯವರೊಡನೆ ಆಡಬಹುದಾದ ಮಾತು ಈ ಎರಡೇ. ಈ ಎರಡು ಮಾತುಗಳ ಮೇಲೆ ಬಂದ ವ್ಯಾಖ್ಯಾನಗಳನ್ನು ಜೋಡಿಸಿ ಜಗಲಿಯ ಒಂದು ಮೂಲೆಗೆ ಗೋಡೆಯನ್ನೇ ಕಟ್ಟಿದ್ದರು.

ಆದರೆ ಪಂಡಿತರ ಅನ್ನ, ನಿದ್ದೆ, ಜಗಳ ಎಲ್ಲಕ್ಕೂ ಮೂಲವಾಗಿದ್ದದ್ದು ಸಂಜೆಯ ಕುಟ್ಟು. ದಿನಾ ಹೊತ್ತು ಮುಳುಗುವಾಗ ಒಳಗೆಲ್ಲೋ ಒಂದು ಒನಕೆ ಏಳುತ್ತಿತ್ತು. ಧಪ್, ಧಪ್, ಧಪ್. ಒರಳಿನಲ್ಲಿ ಏನೂ ಇಲ್ಲವೆಂಬುದು ಸದ್ದಿನಲ್ಲೇ ತಿಳಿಯುತ್ತಿತ್ತು. ಭತ್ತವಿದ್ದರೆ ಒಂದು ಸದ್ದು, ಮೆಣಸಿನಕಾಯಿ ಇದ್ದರೆ ಇನ್ನೊಂದು. ಇದು ಕಲ್ಲಿಗೆ ಮರ ಬಡಿಯುವ ಬರಿಯ ಸದ್ದು. ಬರಿ ಒರಳನ್ನು ಯಾಕೆ ಕುಟ್ಟುತ್ತಾರೆ?

ಚಳಿನಾಡಿನ ಪಂಡಿತ ಬರೆದ: ಮೈ ಬೆಚ್ಚಗಾಗಲಿ ಎಂದು. ಜಗಲಿಯಲ್ಲಿ ಅವನ ಬೆವರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಆದರೂ ಹಾಗೇ ಬರೆದ. ಕಡಲನಾಡಿನ ಪಂಡಿತ ಬರೆದ: ಅಲೆಗಳನ್ನು ಹೆದರಿಸಲು. ಕಡಲು ಅಲ್ಲಿಂದ ತಿಂಗಳ ದಾರಿ. ಕಾಳಗನಾಡಿನ ಪಂಡಿತ, ಅದು ತಲೆ ಒಡೆಯುವ ಅಭ್ಯಾಸ ಎಂದು ಬರೆದು ಗೋಡೆಯಿಂದ ಸ್ವಲ್ಪ ದೂರ ಸರಿದು ಕೂತ. ಇವರೆಲ್ಲರ ಮೇಲೆ ಹಿರಿಯ ಪಂಡಿತನಿದ್ದ. ಅವನು ಬಿಳಿಮಣ್ಣಿನ ನಾಡಿನವನು. ಜಗಲಿಗೆ ಎಲ್ಲರಿಗಿಂತ ಮೊದಲು ಬಂದವನು, ಅದಕ್ಕೇ ಬಾಗಿಲ ಪಕ್ಕದ ಜಾಗ ಅವನದು. ಅವನು ಪ್ರಾಯದಲ್ಲಿ ಬರೆದ ಮೊದಲ ಪುಸ್ತಕವೇ ಕೊನೆಯ ಮಾತೆಂದು ಎಲ್ಲರೂ ಹಲ್ಲು ಕಚ್ಚಿಕೊಂಡು ಒಪ್ಪಿದ್ದರು: ಈ ನಾಡಿನವರು ದೂರ ಹೋದವರನ್ನು ಮನೆಗೆ ಕರೆಯಲು ಸಂಜೆ ಬರಿ ಒರಳು ಕುಟ್ಟುತ್ತಾರೆ.

ಇಣುಕಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಒಬ್ಬ ನೋಡಿದ್ದ. ಕಿಟಕಿಯ ಬಿರುಕಿಗೆ ಕಣ್ಣಿಟ್ಟ ಹೊತ್ತಿಗೆ ಒಳಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ಅವನು ಕಣ್ಣೊರೆಸಿಕೊಂಡು, ಇದು ಅಳುವವರ ನಾಡು ಎಂದು ದೊಡ್ಡದೊಂದು ಪುಸ್ತಕ ಬರೆದ. ಅದಕ್ಕೂ ಬೇಕಾದಷ್ಟು ಓದುಗರು ಸಿಕ್ಕರು.

ಹಿರಿಯ ಪಂಡಿತನ ಆ ಪುಸ್ತಕ ಕೈಯಿಂದ ಕೈಗೆ ದಾಟಿ ಬಿಳಿಮಣ್ಣಿನ ನಾಡಿಗೂ ಹೋಗಿತ್ತು. ಅಲ್ಲಿ ಒಬ್ಬ ಹುಡುಗಿ ಅದನ್ನು ಓದಿದಳು. ಓದಿ, ಗಂಟು ಕಟ್ಟಿ, ಹೊಸ್ತಿಲು ದಾಟಿದಳು. ಆ ನಾಡಿನಲ್ಲಿ ಮನೆ ಬಿಟ್ಟವರು ಹಿಂದೆ ತಿರುಗಿ ನೋಡುವ ಹಾಗಿಲ್ಲ. ಅವಳು ನೋಡಲಿಲ್ಲ, ಆದರೆ ಕೇಳಿಸಿತು. ಅವಳ ಅವ್ವ ಬರಿ ಒರಳು ಕುಟ್ಟುತ್ತಿದ್ದಳು. ಹೋದವರು ತಿರುಗಿ ಬರಲಿ ಎಂದು ಅಲ್ಲಿ ಹಾಗೇ ಕುಟ್ಟುತ್ತಾರೆ. ಆ ಸದ್ದಿಗೆ ಓಗೊಟ್ಟು ಅವಳು ಅಂದೇ ತಿರುಗಿ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಹೋಗಲಿಲ್ಲ. ಜಗಲಿಗೆ ಬಂದಳು, ಹಿರಿಯ ಪಂಡಿತನ ಪಕ್ಕ ಕೂತಳು, ಕೂತು ಕೂತು ಪಂಡಿತೆಯಾದಳು. ಅವಳ ಅಂಗಾಲಿನ ಧೂಳನ್ನು ನೋಡಲು ದೂರದಿಂದ ಜನ ಬರುತ್ತಿದ್ದರು. ಮುಂದೆ ಬಾಗಿಲ ಪಕ್ಕದ ಜಾಗ ಅವಳಿಗೇ ಎಂದು ಜಗಲಿಯಲ್ಲಿ ಆಗಲೇ ಮಾತಾಗಿತ್ತು. ಅವಳ ಅವ್ವ ಸತ್ತ ಸುದ್ದಿ ಬಂದದ್ದೂ ಇದೇ ಜಗಲಿಗೆ. ಆ ದಿನವೂ ಸಂಜೆ ಒಳಗೆ ಒನಕೆ ಎದ್ದಿತು, ಪಂಡಿತೆ ಗೋಡೆಗೆ ಕೆನ್ನೆಯಿಟ್ಟು ಕೇಳಿದಳು.

ಹಿರಿಯ ಪಂಡಿತ ಮುದುಕನಾದ. ಕಾಯಿಲೆ ಬಿದ್ದ. ಇತ್ತೀಚೆಗೆ ಒಳಗಿನ ಕುಟ್ಟೂ ಸೋತ ಹಾಗೆ ಕೇಳುತ್ತಿತ್ತು. ಒಂದು ಸಂಜೆ ಅವನು ಪಂಡಿತೆಯನ್ನು ಹತ್ತಿರ ಕರೆದ.

"ನೋಡು ತಾಯಿ, ನನ್ನ ಪುಸ್ತಕಕ್ಕೆ ಕೊನೇ ಅಧ್ಯಾಯ ಇಲ್ಲ."

"ಗೊತ್ತು ಗುರುಗಳೇ. ಎಲ್ಲರೂ ಅದನ್ನ ದೊಡ್ಡ ಮೌನ ಅಂತ ಹೊಗಳ್ತಾರೆ."

"ಮೌನ ಅಲ್ಲ, ಮಣ್ಣೂ ಅಲ್ಲ. ನಂಗೆ ಗೊತ್ತಿಲ್ಲ, ಅಷ್ಟೆ. ಇವರು ಯಾರನ್ನ ಕರೀತಿದ್ದಾರೆ? ಇಷ್ಟು ವರ್ಷ ಕರೆದ್ರಲ್ಲ, ಅವನು ಬಂದನಾ? ಅದೊಂದು ತಿಳ್ಕೊಂಡು ಹೋಗಿಬಿಟ್ರೆ ಸಾಕು ಅನ್ಸುತ್ತೆ."

"ಕಾಲು ತೊಳ್ಕೊಂಡು ಒಳಗೆ ಹೋದ್ರೆ ತಿಳಿಯುತ್ತೆ."

"ನಾನಾ? ನಾನು ಜಗಲಿಯ ಹಿರಿಯ ಕಣಮ್ಮ. ಕಾಲು ತೊಳೆದ್ರೆ ನನ್ನ ಹತ್ರ ಇನ್ನೇನಿದೆ?" ಎಂದು ಅವನು ತನ್ನ ಅಂಗಾಲನ್ನು ಮಗುವಿನ ಬೆನ್ನಿನ ಹಾಗೆ ಸವರಿಕೊಂಡ.

ಪಂಡಿತೆಗೆ ನಿದ್ದೆ ಹತ್ತಲಿಲ್ಲ. ಕಾಲು ತೊಳೆದರೆ ಬಾಗಿಲ ಪಕ್ಕದ ಜಾಗ ಹೋಯಿತು, ಬರವಣಿಗೆ ಹೋಯಿತು, ಅವ್ವನ ಅಂಗಳದಿಂದ ತಂದ ಮಣ್ಣೂ ಹೋಯಿತು. ತಿಳಿದದ್ದನ್ನು ಮುದುಕನಿಗೆ ಹೇಳುವಂತೆಯೂ ಇಲ್ಲ. ಇಷ್ಟೆಲ್ಲ ಕಳೆದುಕೊಂಡು ಸಿಗುವುದೇನು? ಹಾಗೆ ಲೆಕ್ಕ ಹಾಕಿ ಹಾಕಿ, ಕಡೆಗೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಹೊಟ್ಟೆಯ ಹಸಿವಿಗಿಂತ ಹೆಚ್ಚಾಗಿ ಅವಳಿಗೆ ಆ ಒರಳನ್ನು ನೋಡಬೇಕಾಗಿತ್ತು. ಅವ್ವನ ಒರಳನ್ನಂತೂ ಇನ್ನು ನೋಡುವ ಹಾಗಿರಲಿಲ್ಲ.

ಬೆಳಗ್ಗೆ ಬಾಗಿಲು ತೆರೆಯಿತು. ತಂಬಿಗೆ ಬಂತು.

"ಬಂದ್ರಾ?"

"ಬರ್ತಾ ಇದ್ದೀನಿ," ಎಂದ ಹಿರಿಯ ಪಂಡಿತ.

"ಬಂದೆ," ಎಂದಳು ಪಂಡಿತೆ.

ಜಗಲಿಯಲ್ಲಿ ಲೇಖನಿಗಳೆಲ್ಲ ಒಮ್ಮೆಗೇ ನಿಂತವು. ಅಜ್ಜಿಯ ತಂಬಿಗೆಯೂ ವಾಲಿ ಅರ್ಧ ನೀರು ಅವಳ ಸೀರೆಯ ಮೇಲೇ ಚೆಲ್ಲಿತು. ಆ ಮಾತನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಉಳಿದರ್ಧ ನೀರನ್ನು ಅವಳು ಪಂಡಿತೆಯ ಕಾಲ ಮೇಲೆ ಸುರಿದಳು. ಪಂಡಿತೆ ಬಿಳಿ ನೀರು ಹರಿಯುವುದನ್ನು ಕಾಯುತ್ತಿದ್ದಳು. ಹರಿದದ್ದು ಕೆಂಪು. ಉಜ್ಜಿದಷ್ಟೂ ಕೆಂಪು, ಬೀದಿಯ ಕೆಮ್ಮಣ್ಣಿನದೇ ಕೆಂಪು. ಕಡೆಗೆ ಹಿಮ್ಮಡಿಯ ಒಂದು ಬಿರುಕಿನಿಂದ ಸುಣ್ಣದಷ್ಟು ಬೆಳ್ಳಗಿನ ಒಂದೇ ಒಂದು ಎಳೆ ಇಳಿದು, ಕೆಂಪಿನಲ್ಲಿ ಕಲೆತು, ಕಾಣದಾಯಿತು. ಅವಳಿಗೆ ಅಳು ಬಂತು, ಅತ್ತಳು. ಇಷ್ಟು ವರ್ಷ ಯಾರ ಧೂಳನ್ನು ತೋರಿಸಿ ಮರ್ಯಾದೆ ಪಡೆದೆನೆಂದು ನಾಚಿಕೆಯೂ ಆಯಿತು.

ಅವಳು ಹೊಸ್ತಿಲು ದಾಟುವಷ್ಟರಲ್ಲಿ ಲೇಖನಿಗಳು ಮತ್ತೆ ಓಡತೊಡಗಿದ್ದವು. ನಿನ್ನೆಯವರೆಗೆ ಅವಳ ಎಲೆಯಿಂದಲೇ ಉಪ್ಪಿನಕಾಯಿ ಕದಿಯುತ್ತಿದ್ದ ಚಳಿನಾಡಿನ ಪಂಡಿತ ಬರೆದುಕೊಂಡ: ಒಳಗಿನ ಹೆಂಗಸು, ಸಣಕಲು, ಕಾರಣವಿಲ್ಲದೆ ಅಳುವಳು. ಅವಳ ಜಾಗ ತಣ್ಣಗಾಗುವ ಮೊದಲೇ ಹೊಸ ಪಂಡಿತನೊಬ್ಬ ಬೀದಿಯಿಂದ ಹತ್ತಿ ಬಂದು ಅಲ್ಲಿ ಕೂತ. ಅವನು ನಗೆನಾಡಿನವನು. ಅವನ ನಾಡಿನಲ್ಲಿ ಸತ್ತವರನ್ನು ಎಲ್ಲರೂ ನಕ್ಕು ಕಳಿಸುತ್ತಾರಂತೆ. ಪಾಪ, ದಾರಿ ಸವೆಸಿ ಸುಸ್ತಾಗಿದ್ದ, ಮೊದಲ ಪುಸ್ತಕ ಇನ್ನೂ ಬರೆದಿರಲಿಲ್ಲ.

ಒಳಗೆ ಹೋದ ಪಂಡಿತೆ ದಂಗಾದಳು. ಒಳಗಿನವರಿಗೆ ಬದುಕಲು ಪುರುಸೊತ್ತೇ ಇರಲಿಲ್ಲ. ಗಂಡಸರು ಜಗಲಿಯ ಕಿಟಕಿ ಹತ್ತಿರ ಬಂದಾಗಲೆಲ್ಲ ಗೂಟದಿಂದ ಕಂಬಳಿ ಎಳೆದು ಹೊದ್ದುಕೊಳ್ಳುತ್ತಿದ್ದರು, ಕಿಟಕಿ ದಾಟಿದೊಡನೆ ಕಿತ್ತೆಸೆದು ಬೀಸಣಿಗೆಗೆ ಓಡುತ್ತಿದ್ದರು. ಒಬ್ಬ ಚಿಕ್ಕಪ್ಪ ಒದ್ದೆ ಬಲೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ಓಡಾಡುತ್ತಿದ್ದ. ಎಲ್ಲರೂ ದಿನಕ್ಕೊಮ್ಮೆ ಕಿಟಕಿಯ ಬಿರುಕಿನ ಬಳಿ ನಿಂತು ಸರದಿಯ ಪ್ರಕಾರ ಅಳುತ್ತಿದ್ದರು.

"ಇದೇನಜ್ಜಿ ಇದು?" ಎಂದಳು ಪಂಡಿತೆ.

ಅಜ್ಜಿ ಸೆರಗಿನಿಂದ ಮೋರೆ ಮುಚ್ಚಿಕೊಂಡಳು. "ಏನ್ ಮಾಡೋದು ಮಗಾ. ಅಷ್ಟು ದೂರದಿಂದ ಬಂದಿರ್ತಾರೆ. ಬರೆದದ್ದನ್ನ ಬೆಳಗಾಗೆದ್ದು ಗಟ್ಟಿಯಾಗಿ ಓದ್ತಾರೆ. ಬಾಗಿಲ ಹಿಂದೆ ನಮ್ಗೆ ಕೇಳಿಸುತ್ತೆ. ನಾವು ಕಂಬಳಿ ಹೊದೀತೀವಿ ಅಂತ ಬರೆದ್ಬಿಟ್ರೆ, ಹೊದೀದೆ ಹೋದ್ರೆ ಹೆಂಗೆ? ನಾಲ್ಕು ಜನರ ಮುಂದೆ ಅವರು ಸುಳ್ಳುಗಾರರಾಗಲ್ವಾ? ಮನೆಗೆ ಬಂದವರನ್ನ ಅವಮಾನ ಮಾಡೋಕಾಗುತ್ತಾ?"

"ಹಾಗಾದರೆ ಒರಳು?"

ಅಜ್ಜಿ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಒರಳಿತ್ತು. ಸಾಧಾರಣ ಕರಿಕಲ್ಲಿನ ಒರಳು. ಬರಿದೇ ಕುಟ್ಟಿ ಕುಟ್ಟಿ ಅದರ ತಳ ಸವೆದು, ಕಲ್ಲು ಬೆಳದಿಂಗಳ ಹಾಗೆ ಹೊಳೆಯುತ್ತಿತ್ತು. ಎಷ್ಟೋ ಒನಕೆಗಳ ತುಂಡುಗಳು ಮೂಲೆಯಲ್ಲಿ ಸೌದೆಯಾಗಿ ಬಿದ್ದಿದ್ದವು.

"ನಾನಾಗ ಹೊಸ ಸೊಸೆ," ಎಂದಳು ಅಜ್ಜಿ. "ಸಂಜೇಲಿ ಹುಳಿಪುಡಿಗೆ ಮೆಣಸಿನಕಾಯಿ ಕುಟ್ತಿದ್ದೆ. ಅವತ್ತೇ ಒಬ್ಬ ಹುಡುಗ ಬಂದು ಜಗಲಿ ಮೇಲೆ ಕೂತಿದ್ದ. ಬಿಳಿ ಕಾಲು, ಎಳೇ ಮೀಸೆ. ಕುಟ್ಟೋ ಸದ್ದು ಕೇಳಿ ಬಿಕ್ಕಿ ಬಿಕ್ಕಿ ಅಳ್ತಿದ್ದ. ಬೆಳಗ್ಗೆ ಎದ್ದು ಓದ್ದ. ಇವರು ಬರಿ ಒರಳು ಕುಟ್ತಾರೆ, ದೂರ ಹೋದವರನ್ನ ಕರೀತಾರೆ ಅಂತ. ನಮ್ಮತ್ತೆ ಕೇಳಿ ಕಣ್ಣೀರಿಟ್ರು. ಪಾಪ, ಯಾವ ತಾಯಿ ಮಗನೋ, ಇವತ್ತಿಂದ ಬರಿ ಒರಳೇ ಕುಟ್ಟು ಅಂದ್ರು. ಕುಟ್ಟಿದೆ. ಇವತ್ತಿಗೂ ಕುಟ್ತಿದ್ದೀನಿ. ರಟ್ಟೆ ಬಿದ್ದುಹೋಗಿದೆ ಮಗಾ. ಅವತ್ತಿಂದ ಈ ಮನೇಲಿ ಒಳ್ಳೆ ಹುಳಿಪುಡಿ ತಿಂದವರಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಸೊಸೆಗೆ ಈ ಮಾತು ಹಿಡಿಸಲಿಲ್ಲ. ಅವಳು ಕುಟ್ಟು ಶುರುವಾದ ಮೇಲೆ ಹುಟ್ಟಿದವಳು. "ಅತ್ತೆಗೆ ವಯಸ್ಸಾಯ್ತು, ಏನೇನೋ ಹೇಳ್ತಾರೆ," ಎಂದಳು. "ಇದು ನಮ್ಮ ಹಿರೀಕರಿಂದ ಬಂದದ್ದು. ಒಂದು ಸಂಜೆ ನಿಂತ್ರೂ ಹೋದವರಿಗೆ ದಾರಿ ತಪ್ಪುತ್ತೆ. ನಮ್ಮಮ್ಮ ನಂಗೆ ಹಾಗೇ ಹೇಳಿಕೊಟ್ಟಿದ್ದು."

ಪಂಡಿತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಳಿಮಣ್ಣಿನ ನಾಡಿನ ಒಂದು ಸಂಜೆಯನ್ನು ಒಬ್ಬ ಹುಡುಗ ಕಿವಿಯಲ್ಲಿ ಹೊತ್ತು ತಂದು ಈ ಮನೆಯೊಳಗೆ ಇಳಿಸಿದ್ದ. ಅದನ್ನೇ ಪುಸ್ತಕದಲ್ಲಿ ಓದಿ, ಅದನ್ನೇ ಹುಡುಕಿಕೊಂಡು, ನಿಜವಾದ ಒರಳನ್ನೂ ಅದನ್ನು ಕುಟ್ಟುತ್ತಿದ್ದ ಅವ್ವನನ್ನೂ ಬಿಟ್ಟು ಅವಳು ಇಲ್ಲಿಗೆ ಬಂದಿದ್ದಳು.

ಮಧ್ಯಾಹ್ನ ಎಲೆ ಕೊಡುವ ಕೆಲಸ ಅವಳ ಪಾಲಿಗೆ ಬಂತು. ಬಾಗಿಲು ತೆರೆದದ್ದೇ ಹಿರಿಯ ಪಂಡಿತ ಮೊಣಕೈ ಊರಿ ಎದ್ದು ಕೂತ. ಅವನ ಕಣ್ಣುಗಳು ಒಳಕ್ಕೆ ಹೋಗಿದ್ದವು.

"ಏನಮ್ಮಾ? ಯಾರನ್ನ? ಬಂದನಾ?"

ಅವಳ ನಾಲಿಗೆಯ ತುದಿಯಲ್ಲಿ ಎಲ್ಲವೂ ಇತ್ತು. ಹೇಳಿದರೆ ಕಟ್ಟಳೆ ಮುರಿಯುತ್ತದೆ, ಅದು ಹಾಳಾಗಲಿ. ಆದರೆ ಏನೆಂದು ಹೇಳುವುದು? ನಿಮ್ಮ ಬಾಳಿನ ಪುಸ್ತಕ ಒಂದು ಬೊಗಸೆ ಮೆಣಸಿನಕಾಯಿ, ನೀವು ಕೇಳುತ್ತಾ ಬಂದದ್ದು ನೀವೇ ಕೂಗಿದ ಕೂಗು, ಒಳಗಿನವರು ನಿಮ್ಮನ್ನು ನೋಡಿ ಮರುಗಿ ನಾಟಕ ಆಡಿದರು ಎಂದೇ? ಸಾಯುವವನಿಗೆ ಅದನ್ನು ಹೇಳಲು ಕಲ್ಲಿನ ಎದೆ ಬೇಕು. ಹೇಳದೆ ಕಳಿಸಲೂ ಅಷ್ಟೇ ಕಲ್ಲಿನ ಎದೆ ಬೇಕು.

"ಊಟ ಆಯ್ತಾ ಗುರುಗಳೇ?" ಎಂದಳು.

ಮುದುಕ ಗೋಡೆಗೆ ಮುಖ ತಿರುಗಿಸಿ ಮಲಗಿದ. ಕಡಲನಾಡಿನ ಪಂಡಿತ ಮಾತ್ರ, ಒಳಗಿನವರ ಉಚ್ಚಾರಣೆ ಇತ್ತೀಚೆಗೆ ಕೆಟ್ಟಿದೆ ಎಂದು ಬರೆದುಕೊಂಡ.

ಹೊತ್ತು ಮುಳುಗಿತು. ಅಜ್ಜಿ ಒರಳ ಮುಂದೆ ನಿಂತು ಒನಕೆ ಎತ್ತಿದಳು. ಒಂದು ಸಲ ಧಪ್ ಎಂದಿತು. ಎರಡನೆಯ ಸಲ ಒನಕೆ ಕೈಜಾರಿ ಗೋಡೆಗೆ ಒರಗಿತು. ಅಜ್ಜಿ ರಟ್ಟೆ ಹಿಡಿದುಕೊಂಡು ಕುಸಿದಳು. ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ದಾರಿ ತಪ್ಪುತ್ತೆ, ದಾರಿ ತಪ್ಪುತ್ತೆ ಎಂದು ಗೋಳಾಡಿದಳು. ಕಂಬಳಿಯವರು, ಬಲೆಯವನು, ಅಳುವ ಸರದಿಯವರು ಎಲ್ಲ ಬಾಗಿಲಲ್ಲಿ ಗುಂಪಾದರು. ಜಗಲಿಯ ಕಡೆಯಿಂದ ಮುದುಕನ ಕೆಮ್ಮು ಕೇಳಿಸುತ್ತಿತ್ತು.

ಪಂಡಿತೆ ಒನಕೆ ತೆಗೆದುಕೊಂಡಳು.

ಅವಳು ಕುಟ್ಟಿದ್ದು ಈ ಮನೆಯವರು ಕುಟ್ಟುವ ಹಾಗಲ್ಲ. ಇವರದು ಮೆಣಸಿನಕಾಯಿಯ ಲಯ, ಒಂದೇ ಸಮ, ಬೇಗ ಮುಗಿಸಿ ಒಲೆಯ ಕಡೆ ಹೋಗುವ ಅವಸರದ್ದು. ಅವಳು ಅವ್ವನ ಹಾಗೆ ಕುಟ್ಟಿದಳು. ಎರಡು ಭಾರ, ಒಂದು ಹಗುರ. ಆಮೇಲೆ ಒನಕೆಯನ್ನು ಎದೆಗಾನಿಸಿ ಹಿಡಿದು, ಬಿಡುವು. ಬಿಳಿಮಣ್ಣಿನ ನಾಡಿನಲ್ಲಿ ಕುಟ್ಟುವುದಕ್ಕಿಂತ ಆ ಬಿಡುವೇ ದೊಡ್ಡದು. ದೂರ ಹೋದವನು ತಿರುಗಿ ಬರುತ್ತಿದ್ದರೆ ದಾರಿಯಿಂದಲೇ ಓಗೊಡಲಿ ಎಂದು ಕುಟ್ಟುವವಳು ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕಾಯುತ್ತಾಳೆ. ಆ ಬಿಡುವಿನ ಮಾತನ್ನು ಹಿರಿಯ ಪಂಡಿತ ತನ್ನ ಪುಸ್ತಕದಲ್ಲಿ ಬರೆದಿರಲಿಲ್ಲ. ತಾನು ಬಿಟ್ಟು ಬಂದ ಮನೆಯ ಬಿಡುವಿಗೆ ಯಾರೂ ಓಗೊಟ್ಟಿರುವುದಿಲ್ಲವೆಂದು ಅವನಿಗೆ ಗೊತ್ತಿದ್ದುದರಿಂದ ಬರೆಯಲಾಗಿರಲಿಲ್ಲ.

ಧಪ್, ಧಪ್, ದಪ. ಬಿಡುವು.

ಜಗಲಿಯಲ್ಲಿ ಗಡಿಬಿಡಿಯೆದ್ದಿತು. "ಇವತ್ತಿನ ಕುಟ್ಟು ಅಶುದ್ಧ," ಎಂದ ಚಳಿನಾಡಿನ ಪಂಡಿತ. "ಹೊರಗಿನವರ ಕೈವಾಡ ಇದೆ. ಮೂಲ ಸಂಪ್ರದಾಯ ನಮ್ಮ ಕಣ್ಣೆದುರೇ ನಾಶವಾಗ್ತಿದೆ." ಕಾಳಗನಾಡಿನವನು ಇನ್ನಷ್ಟು ದೂರ ಸರಿದ.

ಧಪ್, ಧಪ್, ದಪ. ಬಿಡುವು.

ಮುದುಕನ ಕೆಮ್ಮು ನಿಂತಿತು. ಒಳಗೆ ಪಂಡಿತೆ ಒನಕೆಯನ್ನು ಅಪ್ಪಿಕೊಂಡು ನಿಂತಿದ್ದಳು. ಅವ್ವ ಹೀಗೆ ಎಷ್ಟು ಸಂಜೆ ನಿಂತಿದ್ದಳೋ. ಓಗೊಡದೆ ಇರುವುದೆಂದರೆ ಏನೆಂದು ಕುಟ್ಟುವವರಿಗೆ ಮಾತ್ರ ತಿಳಿಯುತ್ತದೆ. ಇನ್ನೊಂದು ಸಲ, ಇನ್ನೊಂದೇ ಸಲ ಎಂದುಕೊಂಡು ಅವಳು ಒನಕೆ ಎತ್ತಿದಳು.

ಧಪ್, ಧಪ್, ದಪ. ಬಿಡುವು.

"ಬಂದೆ," ಎಂದಿತು ಜಗಲಿಯ ಕಡೆಯಿಂದ ಒಂದು ದನಿ. ಹಿರಿಯ ಪಂಡಿತನ ಗಂಭೀರ ದನಿಯಲ್ಲ, ಸಂಜೆ ಆಟ ಬಿಟ್ಟು ಮನೆಗೆ ಓಡಿ ಬರುವವನ ದನಿ. "ಬಂದೆ ಬಂದೆ, ತಡಿ."

ಪಂಡಿತೆಯೇ ತಂಬಿಗೆ ಹಿಡಿದು ಓಡಿದಳು. ಮುದುಕ ಹೊಸ್ತಿಲ ಬಳಿ ತೆವಳಿಕೊಂಡು ಬಂದು, ಇಡೀ ಜಗಲಿ ಪೂಜಿಸುತ್ತಿದ್ದ ಆ ಎರಡು ಕಾಲುಗಳನ್ನು ಮುಂದಕ್ಕೆ ಚಾಚಿ ಕೂತಿದ್ದ. ಹಿಂದಿನಿಂದ ಪಂಡಿತರು ಅವನ ಅಂಗಿ ಹಿಡಿದು ಎಳೆಯುತ್ತಿದ್ದರು. ಅವಳು ನೀರು ಸುರಿದಳು. ಕೆಂಪು ಹರಿಯಿತು. ಇನ್ನೊಂದು ತಂಬಿಗೆ ಸುರಿದಳು. ಮತ್ತೂ ಕೆಂಪು. ಕಾಲು ಬೆಳ್ಳಗಾಗುವ ತನಕ ಸುರಿದರೂ ಬಿಳಿಯ ಎಳೆಯೊಂದೂ ಕಾಣಲಿಲ್ಲ.

ಅಜ್ಜಿ ರಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಇದು ನಮ್ಮ ಬೀದಿ ಮಣ್ಣೇ ಅಲ್ವೇನ್ರೀ ಪಂಡಿತ್ರೇ? ಇದನ್ನ ತೊಳೆಯೋದಕ್ಕಾ ಇಷ್ಟು ವರ್ಷ ಬೇಡ ಬೇಡ ಅಂದಿದ್ದು?"

ಮುದುಕ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಆಮೇಲೆ ಪಂಡಿತೆಯ ಹೆಗಲ ಮೇಲೆ ಕೈಯಿಟ್ಟು ಹೊಸ್ತಿಲು ದಾಟಿದ. ಕಂಬಳಿಗಳ ನಡುವೆ, ಬಲೆಯ ಪಕ್ಕ, ಒಂದೊಂದನ್ನೂ ನೋಡುತ್ತಾ ನಡೆದು ಒರಳಿನ ಬಳಿ ಬಂದ. ಹೊಳೆಯುವ ತಳವನ್ನು ಬೆರಳಿನಿಂದ ಮುಟ್ಟಿದ. ಈಗ ಅವನು ಮನೆಯವನು, ಅವನಿಗೆ ಹೇಳಬಹುದಿತ್ತು. ಅಜ್ಜಿ ಹೇಳಿದಳು. ಮೆಣಸಿನಕಾಯಿ, ಹುಳಿಪುಡಿ, ಬಿಳಿ ಕಾಲಿನ ಹುಡುಗ, ಅತ್ತೆಯ ಕಣ್ಣೀರು, ಒಂದನ್ನೂ ಬಿಡದೆ ಹೇಳಿದಳು. ಪಂಡಿತೆ ಮುದುಕನ ಮುಖ ನೋಡಲಾರದೆ ಒನಕೆಯ ಹಿಂದೆ ಮುಖ ಮರೆಸಿಕೊಂಡಳು.

"ಅಂದ್ರೆ, ನಾನು ಬರೆದೆ ಅಂತ ನೀವು ಕುಟ್ಟಿದ್ರಿ," ಎಂದ ಮುದುಕ.

"ಹೂಂ."

"ನನಗೋಸ್ಕರ."

"ಮತ್ತಿನ್ಯಾರಿಗೆ?"

"ಹಾಗಾದ್ರೆ ಇಷ್ಟು ವರ್ಷ ನೀವು ಕರೀತಿದ್ದದ್ದು ನನ್ನನ್ನೇ."

ಅಜ್ಜಿಗೆ ಸಿಟ್ಟೇ ಬಂತು. "ಅದನ್ನ ತಿಳಿಯೋಕೆ ಪಂಡಿತರಾಗಬೇಕಾ? ದಿನಾ ಬೆಳಗ್ಗೆ ತಂಬಿಗೆ ಹಿಡ್ಕೊಂಡು ಬಂದ್ರಾ ಬಂದ್ರಾ ಅಂತ ಬಾಯಲ್ಲೂ ಕೇಳ್ತಿದ್ನಲ್ಲ."

ಮುದುಕ ಬಾಯಿ ತೆರೆದ. ಅಳುತ್ತಾನೆಂದು ಎಲ್ಲರೂ ಅಂದುಕೊಂಡರು. ಅಳುವ ಸರದಿಯವರು ಅಭ್ಯಾಸಬಲದಿಂದ ಸೆರಗು ಸಿದ್ಧಮಾಡಿಕೊಂಡರು. ಮುದುಕ ನಕ್ಕ. ನನ್ನ ಪುಸ್ತಕ ಸರಿಯಾಗೇ ಇತ್ತು ಕಣ್ರೋ, ಅದರಲ್ಲಿ ಕರೆಸಿಕೊಂಡವನು ಮಾತ್ರ ಕಿವುಡ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಡಿತೆ ಒನಕೆ ಬಿಟ್ಟು ನಕ್ಕಳು, ಅವಳ ಕೆನ್ನೆ ಇನ್ನೂ ಒದ್ದೆಯಿತ್ತು. ಅಜ್ಜಿ ರಟ್ಟೆನೋವು ಮರೆತು ನಕ್ಕಳು. ಸೊಸೆ ತಡೆಯಲು ನೋಡಿ ಆಗದೆ ನಕ್ಕಳು. ಕಂಬಳಿಯವರು ಕಂಬಳಿ ಬೀಸಾಡಿ ನಕ್ಕರು. ನಗು ಕೋಣೆಯಿಂದ ಕೋಣೆಗೆ ದಾಟಿ ಮನೆಯ ಆ ತುದಿಗೆ ಹೋಯಿತು. ಅಲ್ಲಿಯವರು ಯಾಕೆಂದು ತಿಳಿಯದಿದ್ದರೂ ಇವರನ್ನು ನಂಬಿ ನಕ್ಕರು.

ಆ ಸಂಜೆಯಿಂದ ಒರಳಿಗೆ ಮತ್ತೆ ಮೆಣಸಿನಕಾಯಿ ಬಿತ್ತು. ಇನ್ನು ಬರಿ ಒರಳು ಕುಟ್ಟುವ ಅಗತ್ಯವಿಲ್ಲವೆಂದು, ಬರಬೇಕಾದವನು ಬಂದಾಯಿತೆಂದು, ಸೊಸೆಯೂ ಒಪ್ಪಿದಳು. ಮುದುಕ ಒಲೆಯ ಪಕ್ಕ ಹಾಸಿಗೆ ಹಾಕಿಸಿಕೊಂಡು ಹುಳಿ ಅನ್ನ ಉಂಡ. ಎಲ್ಲವೂ ಸರಿಹೋಗಿತ್ತು.

ಬೆಳಗಾಯಿತು. ಬಾಗಿಲು ತೆರೆಯುವ ಮೊದಲೇ ಜಗಲಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ನಗೆನಾಡಿನ ಹೊಸ ಪಂಡಿತ. ಮೊದಲ ಸಂಜೆ ತಾನು ಬರೆದದ್ದನ್ನು ನಡುಗುವ ದನಿಯಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದ.

"ಈ ನಾಡಿನ ಜನ ಹೊತ್ತು ಮುಳುಗುವಾಗ ಮನೆ ಮಂದಿಯೆಲ್ಲ ಸೇರಿ ಗಟ್ಟಿಯಾಗಿ ನಗುತ್ತಾರೆ. ಅವರು ತಮ್ಮ ಸತ್ತವರನ್ನು ಹೀಗೆ ಬೀಳ್ಕೊಡುತ್ತಾರೆ."

ಓದುತ್ತಾ ಓದುತ್ತಾ ಅವನ ದನಿ ಒಡೆಯಿತು. ಅವನು ಯಾರನ್ನು ಬೀಳ್ಕೊಡದೆ ಬಂದಿದ್ದನೋ.

ಬಾಗಿಲ ಹಿಂದೆ ತಂಬಿಗೆ ಹಿಡಿದು ನಿಂತಿದ್ದ ಅಜ್ಜಿ ಪಂಡಿತೆಯ ಮುಖ ನೋಡಿದಳು. ಪಂಡಿತೆ ಮುದುಕನ ಮುಖ ನೋಡಿದಳು. ಅಜ್ಜಿ ಬಾಗಿಲು ತೆರೆದು, "ಬಂದ್ರಾ?" ಎಂದು ಕೇಳಿದಳು. ಹೊಸಬ ಕಾಲನ್ನು ಬಟ್ಟೆಯೊಳಗೆ ಎಳೆದುಕೊಂಡು, "ಬರ್ತಾ ಇದ್ದೀನಿ," ಎಂದ.

ಸಂಜೆ ಹೊತ್ತು ಮುಳುಗುವಾಗ ಅಜ್ಜಿ ಕೋಣೆಕೋಣೆಗೂ ಹೋಗಿ ಎಲ್ಲರನ್ನೂ ಎಬ್ಬಿಸಿದಳು. "ಬನ್ನಿ ಬನ್ನಿ, ಹೊತ್ತಾಯ್ತು, ನಗಬೇಕು. ಪಾಪ, ಅಷ್ಟು ದೂರದಿಂದ ಬಂದಿದ್ದಾನೆ. ಕುಟ್ಟೋದಕ್ಕಿಂತ ವಾಸಿ, ರಟ್ಟೆ ನೋಯಲ್ಲ."

ಎಲ್ಲರೂ ಜಗಲಿಯ ಕಿಟಕಿಯ ಬಳಿ ಸೇರಿದರು. ಕಾರಣವಿಲ್ಲದೆ ನಗುವುದು ಮೊದಲು ಕಷ್ಟವಾಯಿತು. ಪಂಡಿತೆಯ ನಗು ಕೆಮ್ಮಿನ ಹಾಗೆ ಬಂತು, ಸೊಸೆಯದು ಬಿಕ್ಕಳಿಕೆಯ ಹಾಗೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಹಾಸಿಗೆಯಿಂದ ಎದ್ದು ಬಂದ ಮುದುಕ. ಮೊದಲ ಪುಸ್ತಕವೆಂದರೆ ಏನೆಂದು ಆ ಮನೆಯಲ್ಲಿ ಅವನಿಗೇ ಚೆನ್ನಾಗಿ ಗೊತ್ತಿತ್ತು.